ರೌಟರ್ ಲಿಫ್ಟ್: ಎತ್ತುವುದು ಸುಲಭ, ನೇರ ಎತ್ತುವುದೇ ಕೆಲಸ

ಅಡುಗೆಮನೆಯ ಮರದ ಶಟರ್ ಒಂದರ ಮೂಲೆಯಲ್ಲಿ, ಅಡ್ಡಪಟ್ಟಿ ಬಂದು ಉದ್ದಪಟ್ಟಿಗೆ ಸೇರುವ ಜಾಗದ ಮೇಲೆ ತೋರುಬೆರಳು ಆಡಿಸಿ ನೋಡಿ. ಕಣ್ಣಿಗೆ ಸಮತಟ್ಟಾಗಿಯೇ ಕಂಡ ಜಾಯಿಂಟಿನಲ್ಲಿ ಬೆರಳಿಗೆ ಸಣ್ಣದೊಂದು ಮೆಟ್ಟಿಲು ತಾಗಿದರೂ ತಾಗೀತು. ಅದು 0.2 ಮಿ.ಮೀ., ಅಂದರೆ ಜೆರಾಕ್ಸ್ ಕಾಗದದ ಎರಡು ಹಾಳೆಯಷ್ಟು ದಪ್ಪವಿದ್ದರೂ ಸಾಕು, ಪಾಲಿಶ್ ಬಿದ್ದ ಮೇಲೆ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ. ಸ್ಯಾಂಡಿಂಗ್ ಮಾಡಿ ಮರೆಸಬಹುದು ನಿಜ. ಆದರೆ ಇಪ್ಪತ್ತು ಶಟರಿನ ಆರ್ಡರ್ ಎಂದರೆ ಎಂಬತ್ತು ಮೂಲೆ. ಒಂದೊಂದು ಮೂಲೆಯನ್ನೂ ಉಜ್ಜುತ್ತಾ ಕೂತರೆ ಆ ಕೆಲಸದ ಲಾಭ ಅಲ್ಲಿಯೇ ಕರಗಿಹೋಗುತ್ತದೆ.

ಇಂಥ ಮೆಟ್ಟಿಲು ಕಂಡಾಗ ಎಲ್ಲರೂ ಬಡಗಿಯ ಕೈಯನ್ನು ದೂರುತ್ತಾರೆ. ನಾನು ನೋಡಿದ ಮಟ್ಟಿಗೆ ಕೈಯಲ್ಲಿ ಕೊರತೆ ಇರುವುದು ಅಪರೂಪ. ರೌಟರ್ ಯಂತ್ರದ ಕತ್ತರಿಸುವ ಬಿಟ್ಟನ್ನು ಮೇಜಿನ ಮೇಲೆ ಎಷ್ಟು ಎತ್ತರಕ್ಕೆ ನಿಲ್ಲಿಸಬೇಕೋ ಸರಿಯಾಗಿ ಅಷ್ಟಕ್ಕೇ ನಿಲ್ಲಿಸುವ ಸಾಧನ ನಮ್ಮ ಹೆಚ್ಚಿನ ಮರಗೆಲಸದ ಶೆಡ್ಡುಗಳಲ್ಲಿ ಇಲ್ಲ. ಆ ಸಾಧನದ ಹೆಸರು ರೌಟರ್ ಲಿಫ್ಟ್. ಅದನ್ನು ಮನೆಯಲ್ಲೇ, ಪಕ್ಕದ ಲೇತ್ ಅಂಗಡಿಯ ಸಹಾಯ ಪಡೆದು ಮಾಡಿಕೊಳ್ಳಬಹುದು. ಹೇಗೆ, ಎಲ್ಲಿ ಎಚ್ಚರ ಬೇಕು, ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಹೇಳಲು ಈ ಬರಹ.

ರೌಟರ್ ಎಂದರೆ ಮರದಲ್ಲಿ ಗ್ರೂವ್ ತೆಗೆಯುವ, ಅಂಚಿಗೆ ಗೋಳ ಅಥವಾ ಡಿಸೈನ್ ಹೊಡೆಯುವ, ಚೌಕಟ್ಟಿಗೆ ರಿಬೇಟ್ ಬಿಡುವ ಕೈಯಂತ್ರ. ಒಂದು ಮೋಟರು, ಅದರ ತುದಿಯಲ್ಲಿ ಬಿಟ್ಟನ್ನು ಹಿಡಿಯುವ ಕಾಲೆಟ್, ಕೆಳಗೊಂದು ಚಪ್ಪಟೆ ತಳ, ಇಷ್ಟೇ. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಇದರ ಮೊದಲ ರೂಪಗಳು ಬಂದವು, ಆರ್.ಎಲ್. ಕಾರ್ಟರ್ ಎಂಬಾತ ಬೆಳೆಸಿದ ಈ ವ್ಯಾಪಾರವನ್ನು ಸ್ಟ್ಯಾನ್ಲಿ ಕಂಪನಿ 1929ರಲ್ಲಿ ಕೊಂಡುಕೊಂಡಿತು. ನಮ್ಮಲ್ಲಿ ಇದು ಮನೆಮಾತಾದದ್ದು ಪ್ಲೈವುಡ್ ಮತ್ತು ಮೈಕಾ ಕೆಲಸ ಹೆಚ್ಚಿದ ಮೇಲೆ, ಟ್ರಿಮ್ಮರ್ ಎಂಬ ಚಿಕ್ಕ ರೂಪದಲ್ಲಿ. ಮೈಕಾ ಅಂಚು ಸವರುವ ಅರ್ಧ ಕಿಲೋವ್ಯಾಟಿನ ಆ ಯಂತ್ರ ಇವತ್ತು ಒಬ್ಬ ಬಡಗಿಯ ಚೀಲದಲ್ಲಿ ಉಳಿ, ಕೊಡತಿಯ ಜೊತೆಗೇ ಇರುತ್ತದೆ. ದೊಡ್ಡ ಕೆಲಸಕ್ಕೆ ಮಕಿಟಾ 3612ರಂಥ, 1,650 ವ್ಯಾಟಿನ, ನಿಮಿಷಕ್ಕೆ 22,000 ಸುತ್ತು ತಿರುಗುವ, ಅರ್ಧ ಇಂಚಿನ ಬಿಟ್ ಹಿಡಿಯುವ, ಮೋಟರನ್ನು ಎರಡು ಕಂಬಗಳ ಮೇಲೆ ಕೆಳಕ್ಕೆ ಒತ್ತಬಹುದಾದ ಪ್ಲಂಜ್ ರೌಟರ್ ಬಂತು.

ಕೈಯಲ್ಲಿ ಹಿಡಿದು ಓಡಿಸಿದರೆ ಯಂತ್ರ ಮರದ ಮೇಲೆ ಹೋಗುತ್ತದೆ. ಅದನ್ನೇ ತಲೆಕೆಳಗು ಮಾಡಿ ಮೇಜಿನ ಅಡಿಗೆ ಬಿಗಿದು, ಬಿಟ್ ಮಾತ್ರ ಮೇಲೆ ಕಾಣುವಂತೆ ಬಿಟ್ಟರೆ ಮರ ಯಂತ್ರದ ಮೇಲೆ ಹೋಗುತ್ತದೆ. ಎರಡೂ ಕೈ ಮರದ ಮೇಲಿರುವುದರಿಂದ ಸಣ್ಣ ಪಟ್ಟಿ, ಬೀಡಿಂಗ್, ಶಟರಿನ ಚೌಕಟ್ಟು ಇವೆಲ್ಲ ಸಲೀಸು. ಹಾಗಾಗಿ ಪ್ಲೈ ಹಾಳೆಗೊಂದು ತೂತು ಕೊರೆದು ಟ್ರಿಮ್ಮರನ್ನು ಕೆಳಗಿನಿಂದ ಸಿಕ್ಕಿಸಿದ ಮೇಜುಗಳು ಊರೂರಲ್ಲೂ ಇವೆ.

ತೊಂದರೆ ಶುರುವಾಗುವುದು ಎತ್ತರ ಬದಲಿಸಬೇಕಾದಾಗ. ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಬೇಕು, ಕ್ಲಾಂಪ್ ಸಡಿಲಿಸಬೇಕು, ಒಂದು ಕೈಯಲ್ಲಿ ಮೋಟರಿನ ಭಾರ ಹಿಡಿದು ಅಂದಾಜಿನ ಮೇಲೆ ಏರಿಸಬೇಕು ಅಥವಾ ಇಳಿಸಬೇಕು, ಬಿಗಿಯಬೇಕು, ಎದ್ದು ಅಳತೆ ನೋಡಬೇಕು. ಎಷ್ಟೇ ನಿಗಾ ಇಟ್ಟರೂ ಕ್ಲಾಂಪ್ ಬಿಗಿಯುವ ಕೊನೆಯ ಅರ್ಧ ಸುತ್ತಿನಲ್ಲಿ ಮೋಟರು ಕೂದಲೆಳೆಯಷ್ಟು ಜಾರುತ್ತದೆ. ಒಂದು ಅಂಚಿಗೆ ಗೋಳ ಹೊಡೆಯಲು ಅಷ್ಟು ಜಾರಿದರೆ ಏನೂ ಆಗದು. ಆದರೆ ನಾಲಿಗೆ-ಗ್ರೂವ್ ಜಾಯಿಂಟಿನಲ್ಲಿ, ಒಂದು ಹಲಗೆಯನ್ನು ಮಗುಚಿ ಇನ್ನೊಂದಕ್ಕೆ ಸೇರಿಸುವಾಗ, ಬಿಟ್ಟು ನಡುವಿನಿಂದ ಎಷ್ಟು ಸರಿದಿದೆಯೋ ಅದರ ಎರಡರಷ್ಟು ಮೆಟ್ಟಿಲು ಬೀಳುತ್ತದೆ. ಮೂಲೆಗಳನ್ನು ಓರೆಯಾಗಿ ಕಚ್ಚಿಸಿ ಸೇರಿಸುವ ಲಾಕ್ ಮೈಟರ್ ಬಿಟ್ಟಿನ ವಿಷಯದಲ್ಲೂ ಹೀಗೆಯೇ: ಎತ್ತರದಲ್ಲಿ 0.1 ಮಿ.ಮೀ. ತಪ್ಪಿದರೆ ಮೂಲೆಯಲ್ಲಿ 0.2.

ವಿದೇಶದಲ್ಲಿ ಇದಕ್ಕೆ ಸಿದ್ಧ ಲಿಫ್ಟ್‌ಗಳು ಸಿಗುತ್ತವೆ. ಕೆನಡಾದ ಜೆಸ್ಸೆಮ್, ಅಮೆರಿಕದ ಕ್ರೆಗ್ ಮುಂತಾದ ಕಂಪನಿಗಳ ಲಿಫ್ಟುಗಳು ನಿಜಕ್ಕೂ ಚೆನ್ನಾಗಿವೆ. ಬೆಲೆ ಮುನ್ನೂರು-ನಾನೂರು ಡಾಲರಿನ ಆಸುಪಾಸು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಯೂ ಸೇರಿ 18 ಕಸುಬುಗಳವರಿಗೆ ಉಪಕರಣ ಕೊಳ್ಳಲು ಸಿಗುವ ನೆರವು 15,000 ರೂಪಾಯಿ. ಸುಂಕ, ಸಾಗಣೆ ಸೇರುವ ಮೊದಲೇ ಲಿಫ್ಟಿನ ಬೆಲೆ ಆ ಮೊತ್ತವನ್ನು ದಾಟುತ್ತದೆ. ಹಾಗಿರುವಾಗ ಅದನ್ನು ತರಿಸಿಕೊಳ್ಳಿ ಎಂದು ಸಣ್ಣ ಶೆಡ್ಡಿನವರಿಗೆ ಹೇಳಲು ನನಗೆ ಮನಸ್ಸು ಬಾರದು. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತದೆ. ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗಿನಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಇದಕ್ಕಿಂತ ಎಷ್ಟೋ ನಾಜೂಕಾದ ಕೆಲಸವನ್ನು ದಿನವೂ ಮಾಡುವ ಲೇತ್ ಕಾರ್ಮಿಕರಿದ್ದಾರೆ.

ಮೂರು ನೂಲಿನ ರಾಡು

ಲಿಫ್ಟಿನಲ್ಲಿ ಮೂರು ಅಂಗ: ಏರಿಸುವ ಸ್ಕ್ರೂ, ನೇರ ದಾರಿ ತೋರಿಸುವ ಗೈಡು, ಬಂದ ಎತ್ತರದಲ್ಲಿ ಕಚ್ಚಿ ಹಿಡಿಯುವ ಲಾಕು. ಮೋಟರನ್ನು ಹಿಡಿದ ಬಂಡಿ ಈ ಗೈಡಿನ ಗುಂಟ ಮೇಲೆ ಕೆಳಗೆ ಓಡಾಡುತ್ತದೆ. ಜನ ಮೊದಲು ತಲೆ ಕೆಡಿಸಿಕೊಳ್ಳುವುದು ಸ್ಕ್ರೂ ಬಗ್ಗೆ. ಮೂರರಲ್ಲಿ ಅತಿ ಸುಲಭದ ಭಾಗ ಅದೇ.

ದೊಡ್ಡ ರೌಟರ್ ಒಂದರ ತೂಕ ಸುಮಾರು ಆರು ಕಿಲೋ. ಅಷ್ಟನ್ನು ಎತ್ತಲು ಹಾರ್ಡ್‌ವೇರ್ ಅಂಗಡಿಯ ಸಾದಾ ಥ್ರೆಡ್ ರಾಡು ಧಾರಾಳ ಸಾಕು. ಯಾವ ದಪ್ಪದ್ದು ಎನ್ನುವಲ್ಲಿ ಮಾತ್ರ ಸ್ವಲ್ಪ ಲೆಕ್ಕ ಬೇಕು, ಏಕೆಂದರೆ ರಾಡಿನ ಒಂದು ಸುತ್ತಿಗೆ ಬಂಡಿ ಎಷ್ಟು ಏರುತ್ತದೆ ಎಂಬುದನ್ನು ಎಳೆಗಳ ಅಂತರ ನಿರ್ಧರಿಸುತ್ತದೆ. ಮೆಟ್ರಿಕ್ ರಾಡುಗಳಲ್ಲಿ ಎಂ8ಕ್ಕೆ 1.25 ಮಿ.ಮೀ., ಎಂ10ಕ್ಕೆ 1.5, ಎಂ12ಕ್ಕೆ 1.75. ಎಂ12 ಗಟ್ಟಿಯೇನೋ ಹೌದು, ಆದರೆ ಎರಡು ಸುತ್ತಿಗೆ 3.5 ಮಿ.ಮೀ. ಎಂಬ ಲೆಕ್ಕ ಕೆಲಸದ ನಡುವೆ ತಲೆಯಲ್ಲಿ ನಿಲ್ಲುವುದಿಲ್ಲ. ಮಿಲಿಮೀಟರಿನಲ್ಲಿ ಯೋಚಿಸುವವರಿಗೆ ಎಂ10 ಒಳ್ಳೆಯದು. ತುದಿಗೆ ಒಂದು ಬಿಲ್ಲೆ ಕೂರಿಸಿ ಅದರ ಸುತ್ತ 15 ಗೆರೆ ಹಾಕಿದರೆ ಒಂದೊಂದು ಗೆರೆಯೂ 0.1 ಮಿ.ಮೀ.

ಇಂಚು ಮತ್ತು ನೂಲಿನಲ್ಲಿ ಯೋಚಿಸುವ ಬಡಗಿಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ. ಉತ್ತರ ಕರ್ನಾಟಕದಲ್ಲಿ ಸೂತ ಎನ್ನುವ ಈ ನೂಲು ಇಂಚಿನ ಎಂಟನೇ ಒಂದು ಭಾಗ. ಮೂರು ನೂಲಿನ, ಅಂದರೆ 3/8 ಇಂಚಿನ ವಿಟ್ವರ್ತ್ ಥ್ರೆಡ್ ರಾಡಿನಲ್ಲಿ ಇಂಚಿಗೆ 16 ಎಳೆಗಳಿರುತ್ತವೆ. ಒಂದು ಸುತ್ತಿಗೆ ಅರ್ಧ ನೂಲು, ಎರಡು ಸುತ್ತಿಗೆ ಒಂದು ನೂಲು, ಹದಿನಾರು ಸುತ್ತಿಗೆ ಒಂದು ಇಂಚು. ಬಿಲ್ಲೆಯ ಮೇಲೆ ಗೆರೆ ಹಾಕುವುದೂ ಹಗುರ. ವೃತ್ತವನ್ನು ಎರಡು, ನಾಲ್ಕು, ಎಂಟು, ಹದಿನಾರು ಎಂದು ಕೈವಾರದಲ್ಲಿ ಅರ್ಧ ಮಾಡುತ್ತಾ ಹೋದರೆ ಆಯಿತು. ಒಂದೊಂದು ಗೆರೆಯೂ ಹೆಚ್ಚುಕಡಿಮೆ 0.1 ಮಿ.ಮೀ.ಗೇ ಬಂದು ನಿಲ್ಲುತ್ತದೆ. ಜೋಸೆಫ್ ವಿಟ್ವರ್ತ್ 1841ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತುಮಾಡಿದ ಎಳೆಯ ಅಳತೆ ನಮ್ಮ ಬಡಗಿಯ ನೂಲಿಗೆ ಇಷ್ಟು ಸರಿಯಾಗಿ ಹೊಂದುವುದು ನನಗೆ ಬಹಳ ಇಷ್ಟವಾದ ಸಂಗತಿ.

ತ್ರೀಡಿ ಪ್ರಿಂಟರುಗಳಲ್ಲಿ ಬಳಸುವ ಟಿ8 ಎಂಬ ನುಣುಪು ಸ್ಕ್ರೂ, ಹಿತ್ತಾಳೆ ನಟ್ಟು ಸಮೇತ ಈಗ ಅಗ್ಗವಾಗಿ ಸಿಗುತ್ತದೆ. ಕೊಳ್ಳುವಾಗ ಒಂದು ಕಡೆ ಮೋಸ ಹೋಗಬಾರದು. ಹೆಚ್ಚಾಗಿ ಮಾರಾಟವಾಗುವ ಟಿ8 ಸ್ಕ್ರೂನಲ್ಲಿ ನಾಲ್ಕು ಎಳೆಗಳು ಜೊತೆಯಾಗಿ ಸುತ್ತಿಕೊಂಡಿರುತ್ತವೆ, ಹಾಗಾಗಿ ಒಂದು ಸುತ್ತಿಗೆ 8 ಮಿ.ಮೀ. ಏರುತ್ತದೆ. ಎಳೆಯ ಇಳಿಜಾರು ಸುಮಾರು 20 ಡಿಗ್ರಿ. ಅಷ್ಟು ಕಡಿದಾದ ಇಳಿಜಾರನ್ನು ಘರ್ಷಣೆ ತಡೆಯಲಾರದು. ಕೈ ಬಿಟ್ಟರೆ ರೌಟರಿನ ಭಾರವೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಬಂಡಿ ಇಳಿದುಬಿಡುತ್ತದೆ. ಒಂದೇ ಎಳೆಯ, ಸುತ್ತಿಗೆ 2 ಮಿ.ಮೀ. ಏರುವ ಟಿ8 ಕೇಳಿ ಪಡೆಯಬೇಕು. ಅದರ ಇಳಿಜಾರು ಸುಮಾರು 5 ಡಿಗ್ರಿ. ಎಂ10 ರಾಡಿನದು ಬರೀ 3 ಡಿಗ್ರಿ. ಇವೆರಡೂ ನಿಲ್ಲಿಸಿದಲ್ಲೇ ನಿಲ್ಲುತ್ತವೆ.

ನಟ್ಟಿಗೂ ರಾಡಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಮೊದಲ ಕಾಲು ಸುತ್ತಿನಲ್ಲಿ ಬಂಡಿ ಅಲುಗದೇ ಇರುವುದು ಅದರಿಂದಲೇ. ಈ ಸಡಿಲಕ್ಕೆ ದುಬಾರಿ ಮದ್ದು ಬೇಡ. ರೌಟರಿನ ತೂಕ ಸದಾ ಕೆಳಮುಖವಾಗಿ ಜಗ್ಗುತ್ತಿರುವುದರಿಂದ, ಬೇಕಾದ ಎತ್ತರಕ್ಕೆ ಯಾವಾಗಲೂ ಕೆಳಗಿನಿಂದಲೇ ಏರಿ ಬಂದು ನಿಂತರೆ ಎಳೆಗಳು ಒಂದೇ ಮುಖಕ್ಕೆ ಒತ್ತಿಕೊಂಡಿರುತ್ತವೆ. ಹೆಚ್ಚು ಏರಿಹೋದರೆ ಅರ್ಧ ಸುತ್ತು ಇಳಿಸಿ ಮತ್ತೆ ಏರಿಸಿ. ಬಿಟ್ಟಿನ ಮೇಲೆ ಡಯಲ್ ಗೇಜ್ ಇಟ್ಟು ಹೀಗೆ ಏರಿಸಿ, ಇಳಿಸಿ, ಮತ್ತೆ ಅದೇ ಗೆರೆಗೆ ತಂದು ನೋಡಿದರೆ ಮುಳ್ಳು ಹಳೆಯ ಜಾಗಕ್ಕೇ ಬಂದು ಕೂರುವುದನ್ನು ಕಣ್ಣಾರೆ ಕಾಣಬಹುದು. ಈ ಪರೀಕ್ಷೆಯಲ್ಲಿ ಗೆದ್ದ ಲಿಫ್ಟು ಯಾವ ಕಂಪನಿಯ ಲಿಫ್ಟಿಗೂ ಕಡಿಮೆಯಲ್ಲ.

ರಾಡು ಭಾರ ಹೊತ್ತು ತಿರುಗುವುದರಿಂದ ಅದರ ಬುಡದಲ್ಲಿ ಒಂದು ಥ್ರಸ್ಟ್ ಬೇರಿಂಗ್ ಹಾಕಿ. ಬೇರಿಂಗ್ ಅಂಗಡಿಯಲ್ಲಿ 51100 ಎಂದು ಸಂಖ್ಯೆ ಹೇಳಿದರೆ ಸಾಕು, 10 ಮಿ.ಮೀ. ತೂತಿನದು ಕೊಡುತ್ತಾರೆ, ಎಂ10ಕ್ಕೂ ಮೂರು ನೂಲಿನ ರಾಡಿಗೂ ನಡೆಯುತ್ತದೆ. ರಾಡಿನ ಮೇಲ್ತುದಿ, ಮೇಜಿನ ಹಲಗೆಯಲ್ಲಿ ಕೂರಿಸುವ ಪ್ಲೇಟಿನ ತೂತಿನ ಕೆಳಗೆ ಬರುವಂತೆ ಮಾಡಿ, ಅದಕ್ಕೊಂದು ನಟ್ಟು ಬೆಸುಗೆ ಹಾಕಿಸಿದರೆ ಟಿ ಸ್ಪ್ಯಾನರಿನಲ್ಲಿ ಮೇಲಿನಿಂದಲೇ ಏರಿಸಿ ಇಳಿಸಬಹುದು. ಮಂಡಿಯೂರುವುದು ಅಲ್ಲಿಗೆ ಮುಗಿಯಿತು. ಎಳೆಗಳಿಗೆ ಗ್ರೀಸ್ ಹಚ್ಚಬೇಡಿ, ಮರದ ಹೊಟ್ಟು ಮೆತ್ತಿಕೊಂಡು ಅಂಟಾಗುತ್ತದೆ. ಮೇಣದ ಬತ್ತಿ ಉಜ್ಜಿದರೆ ಸಾಕು.

ನೇರ ದಾರಿ

ಇಡೀ ಲಿಫ್ಟಿನ ಜೀವ ಇರುವುದು ಗೈಡಿನಲ್ಲಿ. ಅಗಲವಾದ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಲಿಫ್ಟಿನ ಬಂಡಿಗೂ ಅದೇ ಕಾಯಿಲೆ. ಎತ್ತುವ ಸ್ಕ್ರೂ ಒಂದು ಪಕ್ಕಕ್ಕಿದ್ದು, ರೌಟರಿನ ಭಾರ ಇನ್ನೊಂದು ಪಕ್ಕಕ್ಕಿದ್ದರೆ ಬಂಡಿ ಸ್ವಲ್ಪ ವಾಲುತ್ತದೆ. ವಾಲಿದಾಗ ಬಿಟ್ಟು ಮೇಜಿಗೆ ಲಂಬವಾಗಿ ನಿಲ್ಲುವುದಿಲ್ಲ, ಗ್ರೂವಿನ ಗೋಡೆ ಓರೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಏರುವಾಗ ಒಂದು ಕಡೆಗೆ, ಇಳಿಯುವಾಗ ಇನ್ನೊಂದು ಕಡೆಗೆ ವಾಲಿ, ಮರವನ್ನು ಒತ್ತಿ ಸಾಗಿಸುವ ಆಸರೆ ಪಟ್ಟಿಯಾದ ಫೆನ್ಸಿನಿಂದ ಬಿಟ್ಟಿಗಿರುವ ದೂರವೂ ಬದಲಾಗುತ್ತಾ ಹೋಗುತ್ತದೆ. ಸ್ಕ್ರೂ ಎಷ್ಟೇ ನಿಖರವಾಗಿದ್ದರೂ ಆಗ ಉಪಯೋಗವಿಲ್ಲ.

ಹಾಗಾಗಿ ಎರಡು ವಿಷಯ ನೋಡಿಕೊಳ್ಳಬೇಕು. ಸ್ಕ್ರೂ ಆದಷ್ಟೂ ರೌಟರಿನ ನಡುಗೆರೆಗೆ ಹತ್ತಿರ ಇರಬೇಕು. ಬಂಡಿ ಗೈಡನ್ನು ಹಿಡಿದಿರುವ ಉದ್ದ ಹೆಚ್ಚಿರಬೇಕು. ಎರಡು ಶಾಫ್ಟುಗಳ ಮೇಲೆ ಓಡುವ ಬಂಡಿಯಾದರೆ ಒಂದೊಂದು ಶಾಫ್ಟಿಗೂ ಮೇಲೊಂದು ಕೆಳಗೊಂದು ಬೇರಿಂಗ್ ಹಾಕಿ, ಅವುಗಳ ನಡುವೆ ಕನಿಷ್ಠ ನಾಲ್ಕು ಇಂಚು ಅಂತರ ಬಿಡಿ. ಶಾಫ್ಟುಗಳನ್ನು ರೌಟರಿನ ಎಡಬಲಕ್ಕೆ ನಿಲ್ಲಿಸಿದರೆ ಭಾರ ಅವುಗಳ ನಡುವೆಯೇ ಬೀಳುತ್ತದೆ. ಹಿಂದುಗಡೆ ಎರಡೂ ಶಾಫ್ಟ್ ನಿಲ್ಲಿಸಿ ರೌಟರನ್ನು ಮುಂದಕ್ಕೆ ಜೋತಾಡಿಸುವ ವಿನ್ಯಾಸ ನೋಡಲು ಅಚ್ಚುಕಟ್ಟು, ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ.

ಶಾಫ್ಟಿಗೆ ಯಾವ ಬೇರಿಂಗ್ ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ ಎಲ್‌ಎಂ12ಯುಯು ಎಂಬ ಗುಂಡಿನ ಬೇರಿಂಗ್. ಇದು 12 ಮಿ.ಮೀ. ಶಾಫ್ಟಿನ ಮೇಲೆ ಓಡುತ್ತದೆ; ಹೊರವ್ಯಾಸ 21, ಉದ್ದ 30 ಮಿ.ಮೀ. ಕೈಬೆರಳಲ್ಲಿ ನೂಕಿದರೂ ಜಾರುತ್ತದೆ. ಆದರೆ ಇದರ ಒಳಗಿನ ಉಕ್ಕಿನ ಗುಂಡುಗಳಿಗೆ ಹದಗೊಳಿಸಿದ ಗಟ್ಟಿ ಲೀನಿಯರ್ ಶಾಫ್ಟೇ ಬೇಕು. ಲೇತ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಸಾದಾ ಬ್ರೈಟ್ ಬಾರ್ ಹಾಕಿದರೆ ಕೆಲವೇ ತಿಂಗಳಲ್ಲಿ ಗುಂಡುಗಳು ಅದರ ಮೈ ಕೊರೆದು ಗೆರೆ ಮಾಡುತ್ತವೆ. ಬ್ರೈಟ್ ಬಾರೇ ಇರುವುದಾದರೆ ಗನ್‌ಮೆಟಲ್ ಬುಷ್ ತಿರುಗಿಸಿಕೊಡಲು ಹೇಳಿ. ನನ್ನ ಒಲವು ಬುಷ್ ಕಡೆಗೇ. ರೌಟರ್ ಮೇಜಿನ ಕೆಳಗೆ ನುಣ್ಣನೆಯ ಹೊಟ್ಟು ಸದಾ ಸುರಿಯುತ್ತಿರುತ್ತದೆ, ಗುಂಡಿನ ಬೇರಿಂಗಿಗೆ ಅದು ಶತ್ರು. ಬುಷ್ ಅದನ್ನು ಒರೆಸಿ ತಳ್ಳಿಬಿಡುತ್ತದೆ. ಎತ್ತರ ಬದಲಿಸುವುದು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ. ಅಷ್ಟಕ್ಕೆ ಬುಷ್ಷಿನ ಸ್ವಲ್ಪ ಬಿಗಿಯಾದ ಓಟ ತೊಂದರೆಯಲ್ಲ, ಒಂದು ರೀತಿಯಲ್ಲಿ ಅನುಕೂಲವೇ.

ಎರಡು ಶಾಫ್ಟುಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲದಿದ್ದರೆ ಬಂಡಿ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಅಳತೆಪಟ್ಟಿಯನ್ನು ನಂಬಬೇಡಿ. ಮೇಲಿನ ಪ್ಲೇಟು, ಕೆಳಗಿನ ಪ್ಲೇಟು, ಬಂಡಿಯ ಪ್ಲೇಟು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಕ್ಲಾಂಪ್ ಬಿಗಿದು ಡ್ರಿಲ್ ಮಷೀನಿನಲ್ಲಿ ಒಂದೇ ಸಲಕ್ಕೆ ತೂತು ಹೊಡೆಯಿರಿ. ತೂತುಗಳ ನಡುವಿನ ದೂರ ಅರ್ಧ ಮಿಲಿಮೀಟರ್ ಹೆಚ್ಚೋ ಕಡಿಮೆಯೋ ಆದರೂ ಮೂರರಲ್ಲೂ ಒಂದೇ ರೀತಿ ಇರುತ್ತದೆ, ಬೇಕಾದದ್ದು ಅಷ್ಟೇ. ಜೋಡಿಸುವಾಗ ಬಂಡಿಯನ್ನು ಪೂರ್ತಿ ಮೇಲಕ್ಕೆ ತಂದು ಮೇಲಿನ ಬೋಲ್ಟ್ ಬಿಗಿಯಿರಿ, ಪೂರ್ತಿ ಕೆಳಕ್ಕೆ ತಂದು ಕೆಳಗಿನದನ್ನು ಬಿಗಿಯಿರಿ. ಶಾಫ್ಟುಗಳು ತಮ್ಮ ಜಾಗವನ್ನು ತಾವೇ ಕಂಡುಕೊಳ್ಳುತ್ತವೆ.

ಕಬ್ಬಿಣದ ಕೆಲಸವೇ ಬೇಡ, ಎಲ್ಲ ಮರದಲ್ಲೇ ಆಗಲಿ ಎನ್ನುವವರಿಗೂ ದಾರಿಯಿದೆ. ಪ್ಲೈವುಡ್ಡಿನ ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಜಾರುವಂತೆ ಮಾಡಿ, ಉಜ್ಜುವ ಮುಖಗಳಿಗೆಲ್ಲ ಮೈಕಾ ಅಂಟಿಸಿದರೆ ಒಳ್ಳೆಯ ಗೈಡ್ ಆಗುತ್ತದೆ. ಕೆನಡಾದ ಮ್ಯಾಥಿಯಸ್ ವಾಂಡೆಲ್ ಎಂಬ ಎಂಜಿನಿಯರ್ ಪ್ಲೈವುಡ್ಡಿನ ಗಿಯರುಗಳನ್ನೂ ಕತ್ತರಿಸಿ, ಓರೆಯಾಗಿ ಬಾಗಿಸಲೂ ಬರುವ ಲಿಫ್ಟನ್ನು ಮಾಡಿ ಅದರ ನಕ್ಷೆಗಳನ್ನೇ ಹೊರತಂದಿದ್ದಾನೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಮಾತ್ರ ಪೆಟ್ಟಿಗೆಯ ನಡುವೆ ಒಂದು ಕಾಗದದಷ್ಟು ಜಾಗ ಹೆಚ್ಚಿಗೆ ಬಿಡಬೇಕು, ಇಲ್ಲವಾದರೆ ಜುಲೈನಲ್ಲಿ ಲಿಫ್ಟ್ ಅಲುಗದು.

ಡ್ರಾಯರ್ ಚಾನೆಲ್ ಹಾಕಿ ಮಾಡಿದ ಲಿಫ್ಟುಗಳನ್ನೂ ಬೇಕಾದಷ್ಟು ಕಾಣಬಹುದು. ಚಾನೆಲ್ ಹುಟ್ಟಿದ್ದೇ ಡ್ರಾಯರ್ ಜಾರಿಸಲು. ಅಡ್ಡಡ್ಡ ಅಲ್ಲಾಡಿದರೆ ಅಲ್ಲಿ ನಷ್ಟವಿಲ್ಲ. ಇಪ್ಪತ್ತು ಸಾವಿರ ಸುತ್ತಿನ ಬಿಟ್ಟಿಗೆ ಆ ಅಲುಗಾಟ ಸಲ್ಲದು. ಟ್ರಿಮ್ಮರಿಗೆ, ಸಣ್ಣ ಬಿಟ್ಟಿಗೆ, ಗಟ್ಟಿ ಲಾಕ್ ಜೊತೆಗಿದ್ದರೆ ನಡೆದೀತು.

ಕಾರಿನ ಜಾಕ್ ಯಾಕೆ ಬೇಡ

ಗುಜರಿಯಲ್ಲಿ ಸಿಗುವ ಕಾರಿನ ಕತ್ತರಿ ಜಾಕನ್ನು ರೌಟರಿನ ಕೆಳಗೆ ಕೂರಿಸುವುದು ಇನ್ನೊಂದು ಜನಪ್ರಿಯ ಉಪಾಯ. ಒಂದು ಟನ್ನಿನ ಕಾರನ್ನೇ ಎತ್ತುತ್ತದೆ, ಆರು ಕಿಲೋ ಯಾವ ಲೆಕ್ಕ ಎನಿಸುವುದು ಸಹಜ. ಆದರೆ ಜಾಕಿನ ಕೈಗಳು ಮಡಚಿ ಚಪ್ಪಟೆಯಾಗಿರುವಾಗ ಒಂದು ಸುತ್ತಿಗೆ ತುಂಬ ಏರುತ್ತದೆ, ನೆಟ್ಟಗಾದಂತೆ ಏರುವುದು ಕಡಿಮೆಯಾಗುತ್ತಾ ಬರುತ್ತದೆ. ಒಂದು ಸುತ್ತಿಗೆ ಇಷ್ಟು ಎಂಬ ಖಚಿತ ಲೆಕ್ಕವೇ ಅಲ್ಲಿ ಇಲ್ಲ, ಬಿಲ್ಲೆಯ ಮೇಲೆ ಗೆರೆ ಹಾಕುವಂತಿಲ್ಲ. ಜೊತೆಗೆ ಜಾಕ್ ಬರೀ ನೂಕುತ್ತದೆ, ದಾರಿ ತೋರಿಸುವುದಿಲ್ಲ. ರೌಟರಿಗೆ ತನ್ನದೇ ಪ್ಲಂಜ್ ಕಂಬಗಳಿದ್ದರೆ ಮಾತ್ರ ಅದಕ್ಕೆ ಅರ್ಥ.

ಆ ಕಂಬಗಳಿರುವ ಪ್ಲಂಜ್ ರೌಟರ್ ನಿಮ್ಮಲ್ಲಿದ್ದರೆ ಅತಿ ಕಡಿಮೆ ಖರ್ಚಿನ ಲಿಫ್ಟ್ ಅದರಲ್ಲೇ ಅಡಗಿದೆ. ಆಳ ಗೊತ್ತುಮಾಡಲು ಕೊಟ್ಟಿರುವ ಕಡ್ಡಿಯ ಜಾಗದಲ್ಲಿ ಒಂದು ಥ್ರೆಡ್ ರಾಡನ್ನು ತಳದಿಂದ ಹಾಯಿಸಿ, ಮೋಟರಿನ ಕಡೆ ಒಂದು ನಟ್ಟು ಕೂರಿಸಿದರೆ, ರಾಡು ತಿರುಗಿಸಿದಂತೆ ಮೋಟರು ಏರಿಳಿಯುತ್ತದೆ. ಗೈಡಿನ ಕೆಲಸವನ್ನು ಕಂಪನಿಯ ಕಂಬಗಳೇ ಮಾಡುತ್ತವೆ. ಯಂತ್ರ ತಲೆಕೆಳಗಾಗಿರುವುದರಿಂದ ಒಳಗಿನ ಸ್ಪ್ರಿಂಗುಗಳು ಭಾರದ ಜೊತೆ ಸೇರಿ ಕೆಳಕ್ಕೆ ನೂಕುತ್ತವೆ; ಅವನ್ನು ತೆಗೆದರೆ ಹಿಡಿ ಹಗುರವಾಗುತ್ತದೆ. ತೆಗೆಯುವಾಗ ಸ್ಪ್ರಿಂಗ್ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಟ್ರಿಮ್ಮರ್ ಇದ್ದವರಿಗೆ ಇನ್ನೊಂದು ಅನುಕೂಲ: ಹಲವು ಟ್ರಿಮ್ಮರುಗಳ ಮೋಟರು ದುಂಡಗೆ, ಸುಮಾರು 65 ಮಿ.ಮೀ. ವ್ಯಾಸದ್ದು. ಸಿಎನ್‌ಸಿ ಯಂತ್ರಗಳಿಗೆಂದು ಅದೇ ಅಳತೆಯ ಅಲ್ಯುಮಿನಿಯಂ ಕ್ಲಾಂಪ್ ಸಿದ್ಧವಾಗಿ ಸಿಗುತ್ತದೆ, ಬಂಡಿಗೆ ಬೋಲ್ಟ್ ಮಾಡಿದರೆ ಮುಗಿಯಿತು. ಕೊಳ್ಳುವ ಮುನ್ನ ನಿಮ್ಮ ಯಂತ್ರವನ್ನು ವರ್ನಿಯರ್ ಇಟ್ಟು ಅಳೆಯಿರಿ.

ಲಾಕ್ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಅದು ಬಂಡಿಯನ್ನು ಶಾಫ್ಟಿಗೆ ಬಿಗಿಯಬೇಕು, ಸ್ಕ್ರೂಗೆ ಬಿಗಿದರೆ ಸಾಲದು. ಸ್ಕ್ರೂ ನಿಂತರೂ ಬಂಡಿ ಕಂಪಿಸುತ್ತಿದ್ದರೆ ಕಟಿಂಗಿನಲ್ಲಿ ಅಲೆಯಲೆ ಗುರುತು ಬೀಳುತ್ತದೆ. ಬಿಗಿದಾಗ ಎತ್ತರ ಜಾರುತ್ತದೋ ಇಲ್ಲವೋ ಎಂಬುದನ್ನು ಅದೇ ಡಯಲ್ ಗೇಜ್ ಇಟ್ಟು ನೋಡಿ.

ಬಂಡಿಯ ಓಟ ಮೂರು ಇಂಚಾದರೂ ಇರಲಿ. ಕಟಿಂಗಿಗೆ ಅಷ್ಟು ಬೇಡ, ಆದರೆ ಕಾಲೆಟ್ಟು ಪ್ಲೇಟಿನ ಮೇಲಕ್ಕೆ ಬಂದರೆ ಬಿಟ್ ಬದಲಿಸುವುದು ಮೇಲಿನಿಂದಲೇ ಆಗುತ್ತದೆ. ಬಿಟ್ಟನ್ನು ತಳಮುಟ್ಟ ತೂರಿಸಿ ಎರಡು-ಮೂರು ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಬೇಕೆಂಬುದನ್ನು ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಿ. 6 ಮಿ.ಮೀ. ಕಾಲೆಟ್ಟಿಗೆ ಕಾಲು ಇಂಚಿನ, ಅಂದರೆ 6.35 ಮಿ.ಮೀ. ಬಿಟ್ಟನ್ನು ಒತ್ತಿ ತುರುಕುವುದೂ, 12.7 ಮಿ.ಮೀ. ಕಾಲೆಟ್ಟಿನಲ್ಲಿ 12 ಮಿ.ಮೀ. ಬಿಟ್ ಹಿಡಿಸುವುದೂ ಎರಡೂ ಅಪಾಯ.

ಮೇಜಿನ ಹಲಗೆಗೆ 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿ, ಮೇಲೆ ಕೆಳಗೆ ಎರಡೂ ಮುಖಕ್ಕೆ ಮೈಕಾ ಹಾಕಿ. ಒಂದೇ ಮುಖಕ್ಕೆ ಹಾಕಿದರೆ ಹಲಗೆ ಬಾಗುತ್ತದೆ. ಪ್ಲೇಟಿಗೆ 8 ಮಿ.ಮೀ. ಅಲ್ಯುಮಿನಿಯಂ ಅಥವಾ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ದಪ್ಪ ಹೈಲಮ್ ಶೀಟ್ ಆಗುತ್ತದೆ. ಪ್ಲೇಟು ಹಲಗೆಗಿಂತ ಕೆಳಗಿದ್ದರೂ ಮೇಲಿದ್ದರೂ ಮರ ಅಲ್ಲಿ ತಡೆಯುತ್ತದೆ, ಆದ್ದರಿಂದ ನಾಲ್ಕು ಮೂಲೆಗೂ ಮಟ್ಟ ಸರಿಪಡಿಸುವ ಸಣ್ಣ ಸ್ಕ್ರೂ ಇರಲಿ.

ವೇಗ, ಹೊಟ್ಟು, ಕರೆಂಟು

ಲಿಫ್ಟ್ ಬಂದ ಮೇಲೆ ದೊಡ್ಡ ಬಿಟ್ಟುಗಳ ಆಸೆ ಹುಟ್ಟುತ್ತದೆ. ಬಾಗಿಲ ಪ್ಯಾನೆಲ್ ಎಬ್ಬಿಸುವ 75 ಮಿ.ಮೀ. ವ್ಯಾಸದ ಬಿಟ್ಟು 22,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅಂಥ ಬಿಟ್ಟನ್ನು 10,000ದಿಂದ 12,000 ಸುತ್ತಿನಲ್ಲಷ್ಟೇ ಓಡಿಸಬೇಕು. ವೇಗ ಇಳಿಸುವ ಸೌಲಭ್ಯವಿಲ್ಲದ ರೌಟರಿಗೆ ಅದನ್ನು ಹಾಕಲೇಬಾರದು. ಮೇಜಿನ ಮೇಲಿನಿಂದ ನೋಡಿದಾಗ ಬಿಟ್ಟು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುವುದರಿಂದ ಮರವನ್ನು ಬಲದಿಂದ ಎಡಕ್ಕೆ ನೂಕಬೇಕು. ಎಡದಿಂದ ನೂಕಿದರೆ ಬಿಟ್ಟೇ ಮರವನ್ನು ಕಸಿದುಕೊಂಡು, ಜೊತೆಗೆ ಬೆರಳನ್ನೂ ಎಳೆಯುತ್ತದೆ. ಮರವನ್ನು ಬಿಟ್ಟಿಗೂ ಫೆನ್ಸಿಗೂ ನಡುವೆ ಹಾಯಿಸುವುದಂತೂ ಎಂದಿಗೂ ಕೂಡದು.

ಮರದ ಹೊಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ದಶಕಗಳೇ ಆದವು. ರೌಟರ್ ಎಬ್ಬಿಸುವ ಹೊಟ್ಟು ತೋಪಡದ ಸುರುಳಿಯಂತಲ್ಲ, ಗಾಳಿಯಲ್ಲಿ ತೇಲುವಷ್ಟು ನುಣುಪು. ಎಂಡಿಎಫ್ ಆದರೆ ಇನ್ನೂ ಕೆಟ್ಟದ್ದು. ಫೆನ್ಸಿನ ಹಿಂದೆ ಒಂದು ವ್ಯಾಕ್ಯೂಮ್ ಕೊಳವೆ ಕೂರಿಸಿ, ಮುಖಕ್ಕೆ ಎನ್95 ಮಾಸ್ಕ್ ಹಾಕಿ. ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ಇನ್ನು ಕರೆಂಟು. 1,650 ವ್ಯಾಟಿನ ರೌಟರ್ 7 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ ಅದನ್ನು ಸಿಕ್ಕಿಸಬಾರದು, 16 ಆಂಪಿಯರಿನದೇ ಬೇಕು. ಇದಕ್ಕಿಂತ ಮುಖ್ಯವಾದದ್ದು, ರೌಟರನ್ನು ಮೇಜಿನ ಅಡಿಗೆ ಬಿಗಿದವರೆಲ್ಲ ಅದರ ಸ್ವಿಚ್ಚನ್ನು ಆನ್ ಮಾಡಿಯೇ ಲಾಕ್ ಹಾಕಿ, ಗೋಡೆಯ ಸ್ವಿಚ್ಚಿನಿಂದ ಓಡಿಸುತ್ತಾರೆ. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಕಾದು ಕಾದು, ಈ ಹೊತ್ತಿನಲ್ಲಿ ಬಿಟ್ಟಾದರೂ ಬದಲಿಸೋಣ ಎಂದು ಕಾಲೆಟ್ಟಿಗೆ ಕೈ ಹಾಕುತ್ತಾರೆ. ಗೋಡೆಯ ಸ್ವಿಚ್ ಆನ್ ಆಗಿಯೇ ಇರುತ್ತದೆ. ಆ ಕ್ಷಣಕ್ಕೆ ಕರೆಂಟು ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಪರಿಹಾರವನ್ನು ನಮ್ಮ ರೈತರು ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಎಷ್ಟೋ ಕಾಲದಿಂದ ನೋಡಿದ್ದಾರೆ. ಹಸಿರು ಗುಂಡಿ, ಕೆಂಪು ಗುಂಡಿಯ ಸಾದಾ ಸ್ಟಾರ್ಟರ್. ಕರೆಂಟು ಹೋದ ಕೂಡಲೇ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮರಳಿ ಬಂದರೂ ಹಸಿರು ಗುಂಡಿ ಒತ್ತುವ ತನಕ ಯಂತ್ರ ತಿರುಗುವುದಿಲ್ಲ. ಸಿಂಗಲ್ ಫೇಸಿನದು, 240 ವೋಲ್ಟ್ ಕಾಯಿಲ್ಲಿನದು, ನಿಮ್ಮ ರೌಟರಿನ ಆಂಪಿಯರಿಗೆ ಹೊಂದುವ ರಿಲೇ ಇರುವುದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿ ತರಿಸಿ. ಕರೆಂಟು ಬಂದೊಡನೆ ತಾನಾಗಿಯೇ ಪಂಪ್ ಓಡಿಸುವ ಆಟೋ ಸ್ಟಾರ್ಟರ್ ಮಾತ್ರ ಬೇಡವೇ ಬೇಡ. ಕೆಂಪು ಗುಂಡಿ ಮೊಣಕಾಲಿಗೆ ಸಿಗುವ ಎತ್ತರದಲ್ಲಿ, ಮೇಜಿನ ಮುಂದುಗಡೆಯೇ ಇರಲಿ, ಎರಡೂ ಕೈ ಮರದ ಮೇಲಿದ್ದಾಗಲೂ ಯಂತ್ರ ನಿಲ್ಲಿಸಲು ಬರಬೇಕು.

ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪ್ರತಿ ಬಾರಿ ಅದೇ ಹಳೆಯ ಮಾದರಿಗಳನ್ನು ಮಾಡಿಸುವ ಬದಲು, ಹತ್ತಿರದ ಬಡಗಿಯೊಬ್ಬರ ಶೆಡ್ಡಿಗೆ ವಿದ್ಯಾರ್ಥಿಗಳನ್ನು ಕಳಿಸಿ ಅವರ ರೌಟರಿಗೇ ಅಳತೆ ಮಾಡಿ ಒಂದು ಲಿಫ್ಟ್ ಮಾಡಿಸಿ. ಲೇತು, ಡ್ರಿಲ್ಲಿಂಗು, ವೆಲ್ಡಿಂಗು, ಅಳತೆ, ಎಳೆಗಳ ಲೆಕ್ಕ ಎಲ್ಲವೂ ಅದರಲ್ಲಿದೆ, ಪರೀಕ್ಷೆ ಮುಗಿದ ಮೇಲೆ ಅದು ಮೂಲೆ ಸೇರುವುದೂ ಇಲ್ಲ. ಇನ್ನು ಈಗಾಗಲೇ ಮೇಜಿನ ಕೆಳಗೆ ರೌಟರ್ ಬಿಗಿದು ಕೆಲಸ ಮಾಡುತ್ತಿರುವವರೇ, ಲಿಫ್ಟನ್ನು ಪುರುಸೊತ್ತಾದಾಗ ಮಾಡಿಕೊಳ್ಳಿ. ಸ್ಟಾರ್ಟರನ್ನು ಮಾತ್ರ ಈ ವಾರವೇ ಹಾಕಿಸಿ.